ಕಲ್ಯಾಣದುರ್ಗದ ಸೈಟನ್ನು ಸಾಗಿಸಿದ ಆಷಾಢ

ಈ ಕಸುಬಿಗೆ ಹೊಸದಾಗಿ ಬರುವವರು ಗಿರಾಕಿಯ ಬೈಗುಳಕ್ಕೆ ಹೆದರುತ್ತಾರೆ. ಹೆದರಬೇಡಿ. ಬೈದ ಗಿರಾಕಿ ಎಲ್ಲಿ ಕೆಟ್ಟಿದೆ ಎಂದು ತಾನೇ ತೋರಿಸಿಕೊಟ್ಟಿರುತ್ತಾನೆ, ಅರ್ಧ ಕೆಲಸ ಅಲ್ಲಿಗೆ ಮುಗಿಯಿತು. ಒಂದು ವೆಬ್‌ಸೈಟನ್ನು ಇಲ್ಲಿಂದ ಎತ್ತಿ ಅಲ್ಲಿಟ್ಟು ಇಪ್ಪತ್ತು ದಿನವಾದರೂ ಯಾರೂ ತುಟಿಪಿಟಕ್ಕೆನ್ನದಿದ್ದರೆ, ಆಗ ಹೆದರಿ. ನಾನು ಹಾಗೆ ಹೆದರದೆ ಮೀಸೆ ತಿರುವಿಕೊಂಡು ಕೂತ ಒಂದು ಆಷಾಢ ಮಾಸವಿತ್ತು. ಅದನ್ನು ಹೇಳುವುದಕ್ಕೆ ಮುಂಚೆ ನಾನು ಈ ಕಸುಬಿಗೆ ಹೇಗೆ ಬಿದ್ದೆ ಎಂಬುದನ್ನು ಹೇಳಿಬಿಡುತ್ತೇನೆ.

ನಾನು ಕಂಪ್ಯೂಟರ್ ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಹಿಂದೂಪುರದ ಟೈಪಿಂಗ್ ಇನ್‌ಸ್ಟಿಟ್ಯೂಟೊಂದರಲ್ಲಿ ಲೋಯರ್, ಹೈಯರ್ ಪರೀಕ್ಷೆಗೆ ಕಲಿಸುತ್ತಿದ್ದವನು. ಎರಡು ಸಾವಿರದ ಇಸವಿಯ ಸುಮಾರಿಗೆ ಟೈಪ್‌ರೈಟರುಗಳು ಗುಜರಿಗೆ ಹೋದವು. ಇನ್‌ಸ್ಟಿಟ್ಯೂಟಿನ ಮಾಲೀಕರಾದ ಸೀನಪ್ಪ ಸಾರ್ ಅದೇ ರೂಮಿಗೆ ನಾಲ್ಕು ಕಂಪ್ಯೂಟರ್ ತಂದಿಟ್ಟು ಇಂಟರ್‌ನೆಟ್ ಸೆಂಟರ್ ಎಂದು ಬೋರ್ಡು ಬರೆಸಿದರು. ಟೈಪ್‌ರೈಟರುಗಳ ಜೊತೆ ನಾನೂ ಗುಜರಿಗೆ ಹೋಗಬಾರದೆಂದು ಅಲ್ಲಿದ್ದ ಪುಸ್ತಕಗಳನ್ನೆಲ್ಲ ಓದಿ, ಅರ್ಥವಾಗದ್ದನ್ನು ಕೆಡಿಸಿ ಕೆಡಿಸಿ ಕಲಿತೆ. ನಾಲ್ಕು ವರ್ಷದ ಮೇಲೆ ನನ್ನದೇ ಅಂಗಡಿ ಹಾಕಿದೆ.

ವ್ಯಾಪಾರ ಬಹಳ ಸರಳ. ಬೆಂಗಳೂರಿನ ಹೋಸ್ಟಿಂಗ್ ಕಂಪನಿಯಿಂದ ಸರ್ವರಿನ ಜಾಗವನ್ನು ಮೂಟೆಗಟ್ಟಲೆ ಕೊಳ್ಳುವುದು, ನಮ್ಮೂರಿನ ರೇಷ್ಮೆ ಸೀರೆ ಅಂಗಡಿಗೆ, ಹುಣಸೆಹಣ್ಣಿನ ಮಂಡಿಗೆ, ಗೋರಂಟ್ಲ, ಸೋಮಂದೇಪಲ್ಲಿಯ ಸ್ಕೂಲುಗಳಿಗೆ ಸೇರುಗಟ್ಟಲೆ ಮಾರುವುದು. ಸೈಟು ಆ ಜಾಗದಲ್ಲಿ ಬಾಡಿಗೆಗಿರುತ್ತದೆ. ಆ ಮನೆಯ ಸ್ವಿಚ್ಚು, ನಲ್ಲಿ, ಬೀಗ, ಅಂಚೆ ಡಬ್ಬಿ ಎಲ್ಲವನ್ನೂ ಒಂದೇ ಕಡೆ ಕೂತು ತಿರುಗಿಸುವ ಬೋರ್ಡಿಗೆ ಕಂಟ್ರೋಲ್ ಪ್ಯಾನೆಲ್ ಎನ್ನುತ್ತಾರೆ. ಕಂಪನಿ ಬದಲಾಯಿಸಿದರೆ ಬೋರ್ಡೂ ಬೇರೆಯಾಗುತ್ತದೆ. ಹಳೇ ಪ್ಯಾನೆಲಿನಲ್ಲಿ ಕಟ್ಟಿದ ಗಂಟನ್ನು ಆ ಕಾಲದ ಹೊಸ ಪ್ಯಾನೆಲಿಗೆ ತಿನ್ನಿಸಲು ಹೋದರೆ ಉಗುಳಿಬಿಡುತ್ತಿತ್ತು. ಫೈಲುಗಳನ್ನು ಒಂದೊಂದಾಗಿ ಎತ್ತಬೇಕು, ಡೇಟಾಬೇಸನ್ನು ಬಿಚ್ಚಿ ಮತ್ತೆ ಜೋಡಿಸಬೇಕು, ಮೇಲ್ ಐಡಿಗಳನ್ನು ಕೈಯಲ್ಲೇ ಹೊಸದಾಗಿ ಮಾಡಬೇಕು. ಈಗಿನವರು ಒಂದು ಗುಂಡಿ ಒತ್ತಿ ಟೀ ಕುಡಿಯಲು ಹೋಗುತ್ತೀರಿ. ಹೋಗಿ, ಬೇಡವೆನ್ನುವುದಿಲ್ಲ.

ಸಾಗಿಸುವ ಕೆಲಸವನ್ನು ರಾತ್ರಿ ಮಾಡಬೇಕು, ಆಗ ಯಾರೂ ಸೈಟು ನೋಡುವುದಿಲ್ಲ ಎಂದು ಹಲವರು ಹೇಳಿಕೊಡುತ್ತಾರೆ. ನಾನು ಮಾತ್ರ ಬೆಳಗ್ಗೆ ಹನ್ನೊಂದಕ್ಕೇ ಕೂರುತ್ತಿದ್ದೆ. ಏನಾದರೂ ಕೆಟ್ಟರೆ ಬೆಂಗಳೂರಿನಲ್ಲಿ ಫೋನೆತ್ತುವವನು ಎಚ್ಚರವಾಗಿರಬೇಕಲ್ಲ.

ಮೊದಲನೇ ಎಡವಟ್ಟು ಒಂದು ಸ್ಕೂಲಿನದು. ಅವರ ಸೈಟಿನಲ್ಲಿ ಮೇಷ್ಟ್ರುಗಳ ಹೆಸರುಗಳೆಲ್ಲ ಕನ್ನಡ ಮತ್ತು ತೆಲುಗಿನಲ್ಲಿದ್ದವು. ಡೇಟಾಬೇಸಿಗೆ ನಮ್ಮ ಅಕ್ಷರಗಳ ಗುರುತು ಹೇಳಿಕೊಡದೆ ಹಾಗೇ ಸುರಿದುಬಿಟ್ಟೆ. ಮಾರನೆಯ ದಿನ ಹೆಡ್‌ಮಾಸ್ಟರ್ ಅಂಗಡಿಗೇ ಬಂದರು.

"ಏನಪ್ಪಾ ನಾಗರಾಜು, ನಮ್ಮ ಮೇಷ್ಟ್ರುಗಳ ಹೆಸ್ರೆಲ್ಲಾ ಬರೀ ಕೊಕ್ಕೆ ಆಗ್ಬುಟ್ಟವೆ. ಸಾಲಾಗಿ ಪ್ರಶ್ನೆ ಗುರ್ತು. ಅದ್ರಾಗೆ ನಾನ್ಯಾವೋನು ಅಂತ ನಂಗೇ ಗೊತ್ತಾಯ್ತಿಲ್ಲ."

"ಮೊದಲ್ನೇ ಸಾಲು ನೀವೇ ಸಾರ್."

"ಹೌದಾ? ಹಂಗಾದ್ರೆ ಎರಡ್ನೇ ಸಾಲಿನ ಕೊಕ್ಕೆ ನಂಗಿಂತ ಉದ್ದ ಐತಲ್ಲಪ್ಪ."

ಸಂಜೆಯೊಳಗೆ ಸರಿಮಾಡಿದೆ. ಆದರೆ ಸೀನಪ್ಪ ಸಾರ್ ಬಿಡಲಿಲ್ಲ. ನಾನು ಬೇರೆ ಅಂಗಡಿ ಹಾಕಿದ್ದರೂ ಅವರಿಗೆ ನಾನು ಅದೇ ಟೈಪಿಂಗ್ ರೂಮಿನ ಹುಡುಗನೇ. "ಲೇ, ಮೊದ್ಲು ಹಾಳೇಲಿ ಬರ್ಕೊಳ್ಲಾ. ಏನೇನ್ ಎತ್ತಬೇಕು, ಏನೇನ್ ಇಡಬೇಕು, ಎಲ್ಲಾ. ಮಿಷಿನ್ ಮುಟ್ಟೋದು ಆಮ್ಯಾಕೆ" ಎಂದರು. ಅಂದಿನಿಂದ ಪ್ರತಿ ಸೈಟಿಗೊಂದು ಹಾಳೆ ಮಾಡಿದೆ. ನೀವೂ ಮಾಡಿ. ಆದರೆ ಹಾಳೆಗೊಂದು ದೋಷವಿದೆ. ನಮಗೆ ನೆನಪಿರುವುದು ಮಾತ್ರ ಅದರಲ್ಲಿರುತ್ತದೆ.

ಈಗ ಆಷಾಢಕ್ಕೆ ಬರುತ್ತೇನೆ. ಹಳೇ ಕಂಪನಿ ರೇಟು ಏರಿಸಿತು. ನಾನು ಬೇರೊಂದು ಕಂಪನಿಗೆ ಫೋನು ಹಚ್ಚಿ, "ಮೂವತ್ತೆಂಟು ಸೈಟು ಒಟ್ಟಿಗೇ ತರ್ತೀನಿ, ಏನ್ ಕೊಡ್ತೀರಿ?" ಎಂದೆ. ಅಲ್ಲಿದ್ದ ಮ್ಯಾನೇಜರು ಮೊದಲು ಹೇಳಿದ ರೇಟನ್ನು ಕೇಳಿ ನಾನು ಮಾತಾಡಲೇ ಇಲ್ಲ. ಮಂಡಿಯಲ್ಲಿ ಕಲಿತದ್ದು ಅದು: ಸುಮ್ಮನಿದ್ದರೆ ಎದುರಿನವನೇ ಇಳಿಯುತ್ತಾನೆ. ಇಳಿದ. ಆಮೇಲೆ ಹಳೇ ಕಂಪನಿಗೆ ಫೋನು ಮಾಡಿ, ಇಷ್ಟು ವರ್ಷದ ಗಿರಾಕಿ, ಹೋಗುವಾಗ ಮನಸ್ಸು ಕೆಡಿಸಬೇಡಿ ಎಂದು ಹೇಳಿ ಇನ್ನೊಂದು ತಿಂಗಳು ಹಳೇ ಜಾಗ ಹಾಗೇ ಓಡುವಂತೆ ಒಪ್ಪಿಸಿದೆ. ಹೊಸ ಮನೆಯಲ್ಲಿ ಏನಾದರೂ ಸೋರಿದರೆ ಹಳೇ ಮನೆ ಇರಲಿ ಎಂಬ ಮುಂಜಾಗ್ರತೆ. ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ.

ಮೂವತ್ತೆಂಟರಲ್ಲಿ ಒಂದು ಕಲ್ಯಾಣದುರ್ಗದ ರತ್ನಮ್ಮಕ್ಕನದು. ಅಕ್ಕ ರಿಟೈರಾದ ಟೀಚರು. ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡವರಿಗೆ, ಬಿಟ್ಟು ಬೇರೆಯಾದವರಿಗೆ ಮತ್ತೆ ಮದುವೆ ಸಂಬಂಧ ಕೂಡಿಸುವ ಬ್ಯೂರೋ ನಡೆಸುತ್ತಿದ್ದರು. ನಮ್ಮ ಕನ್ನಡದ ಮನೆಗಳು ಆಂಧ್ರದ ಈ ಮೂಲೆಯಲ್ಲೂ ಗಡಿಯಾಚೆಯೂ ಚದುರಿಹೋಗಿರುವುದರಿಂದ ಅವರಿಗೆ ಸೈಟು ಬಹಳ ಉಪಯೋಗಕ್ಕೆ ಬಂದಿತ್ತು. ಅವರದೊಂದು ಕಟ್ಟುನಿಟ್ಟು: ಎರಡೂ ಕಡೆಯ ಒಪ್ಪಿಗೆ ತಮ್ಮ ಕೈಸೇರುವ ತನಕ ಒಬ್ಬರ ಫೋನ್ ನಂಬರನ್ನು ಇನ್ನೊಬ್ಬರಿಗೆ ಕೊಡುತ್ತಿರಲಿಲ್ಲ. ಒಪ್ಪಿಗೆ ಬರವಣಿಗೆಯಲ್ಲೇ ಬರಬೇಕು, ಕಾಗದದಲ್ಲಿ ಇಲ್ಲವೇ ಮೇಲಿನಲ್ಲಿ.

"ಯಾವಾಗ ಸಾಗ್ಸಲಿ ಅಕ್ಕಾ?" ಎಂದು ಕೇಳಿದ್ದೆ.

"ಆಷಾಢದಾಗೆ ಮಾಡ್ಕೋ ಕಣಪ್ಪ. ಆ ತಿಂಗ್ಳು ಯಾರೂ ಸಂಬಂಧದ ಮಾತೆತ್ತಲ್ಲ. ನನ್ ಸೈಟೂ ಮಲಗಿರ್ತದೆ, ನಾನೂ ಮಲಗಿರ್ತೀನಿ."

ಆಷಾಢದ ಮೊದಲ ವಾರದಲ್ಲಿ ಸಾಗಿಸಿದೆ. ಹಾಳೆಯಲ್ಲಿ ಬರೆದದ್ದಕ್ಕೆಲ್ಲ ಗುರುತು ಹಾಕಿದೆ. ಸೈಟು ತೆರೆಯಿತು, ಫೋಟೋಗಳು ಬಂದವು, ಅಕ್ಷರಗಳು ಅಕ್ಷರಗಳಾಗಿಯೇ ಇದ್ದವು. ಅಕ್ಕನ ಮೇಲ್ ಐಡಿಯನ್ನು ಹೊಸ ಪ್ಯಾನೆಲಿನಲ್ಲಿ ಅದೇ ಪಾಸ್‌ವರ್ಡಿನೊಂದಿಗೆ ಮಾಡಿ, ಒಂದು ಮೇಲ್ ಕಳಿಸಿ, ಅದು ಬಂದದ್ದನ್ನು ನನ್ನ ಅಂಗಡಿಯಿಂದಲೇ ನೋಡಿದೆ. ಇಪ್ಪತ್ತು ದಿನ ಅಕ್ಕ ಫೋನು ಮಾಡಲಿಲ್ಲ. ಉಳಿದ ಮೂವತ್ತೇಳು ಗಿರಾಕಿಗಳು ಒಂದಲ್ಲ ಒಂದಕ್ಕೆ ಗೊಣಗಿದ್ದರು. ರತ್ನಮ್ಮಕ್ಕನ ಕೆಲಸವೊಂದೇ ಅಪ್ಪಟ ಎಂದು ಸೀನಪ್ಪ ಸಾರ್ ಮುಂದೆ ಜಂಬ ಕೊಚ್ಚಿದೆ.

ಆಷಾಢ ಮುಗಿಯಿತು. ಹಳೇ ಕಂಪನಿಯ ಗಡುವು ಮುಗಿಯಲು ಕೆಲವೇ ದಿನ ಉಳಿದಿತ್ತು. ಒಂದು ಬುಧವಾರ, ಯಾವ ಸೈಟು ಎಷ್ಟು ಜಾಗ ತಿನ್ನುತ್ತಿದೆ ಎಂದು ಹೊಸ ಪ್ಯಾನೆಲಿನಲ್ಲಿ ಒಂದೊಂದಾಗಿ ನೋಡುತ್ತಿದ್ದೆ. ತಿನ್ನದ ಜಾಗವನ್ನು ವಾಪಸು ಕೊಟ್ಟು ರೇಟು ಇಳಿಸುವ ಲೆಕ್ಕ ನನ್ನದು. ಅಕ್ಕನ ಮೇಲ್ ಡಬ್ಬಿ ಊದಿಕೊಂಡಿತ್ತು. ನಾನು ಪರೀಕ್ಷೆಗೆ ಕಳಿಸಿದ್ದನ್ನು ಬಿಟ್ಟು ಇಪ್ಪತ್ತೇಳು ಮೇಲ್, ಒಂದನ್ನೂ ಯಾರೂ ತೆರೆದಿಲ್ಲ.

ಯಾಕೆಂದು ಹೊಳೆಯಲು ಐದು ನಿಮಿಷ ಹಿಡಿಯಿತು. ಎರಡು ವರ್ಷದ ಹಿಂದೆ ಕಲ್ಯಾಣದುರ್ಗಕ್ಕೆ ಹೋಗಿ ಅಕ್ಕನ ಕಂಪ್ಯೂಟರಿಗೆ ಮೇಲ್ ಜೋಡಿಸಿಕೊಟ್ಟವನು ನಾನೇ. ಅವತ್ತು ಅವರ ಮನೆಯ ಕನೆಕ್ಷನ್ನು ಸರ್ವರನ್ನು ಹೆಸರಿನಿಂದ ಹುಡುಕಲಾರದೆ ಒದ್ದಾಡುತ್ತಿತ್ತು. ಬಸ್ಸಿಗೆ ಹೊತ್ತಾಗುತ್ತದೆಂದು ಹೆಸರಿನ ಬದಲು ಸರ್ವರಿನ ನಂಬರನ್ನೇ ಬರೆದು ಬಂದುಬಿಟ್ಟಿದ್ದೆ. ಹೆಸರು ಮನೆಯ ಜೊತೆ ಹೊಸ ಜಾಗಕ್ಕೆ ಹೋಗುತ್ತದೆ. ನಂಬರು ಹೋಗುವುದಿಲ್ಲ, ಅದು ಹಳೇ ಬಾಗಿಲಿನದು. ಹೀಗಾಗಿ ಕಾಗದಗಳೆಲ್ಲ ಹೊಸ ಮನೆಗೆ ಬಂದು ಬೀಳುತ್ತಿದ್ದವು, ಅಕ್ಕನ ಕಂಪ್ಯೂಟರು ಮಾತ್ರ ದಿನಾ ಬೆಳಗ್ಗೆ ಹಳೇ ಮನೆಯ ಡಬ್ಬಿ ತೆರೆದು ಏನೂ ಇಲ್ಲ ಎನ್ನುತ್ತಿತ್ತು. ಹಳೇ ಮನೆ ಮುಚ್ಚಿದ್ದರೆ ಮೊದಲನೇ ದಿನವೇ ತಪ್ಪು ತೋರಿಸುತ್ತಿತ್ತು. ಅದನ್ನು ಚೌಕಾಸಿ ಮಾಡಿ ತೆರೆದಿಡಿಸಿದ್ದವನು ನಾನು.

ಇವತ್ತಿಗೂ ನನ್ನ ಹಾಳೆಯ ಕೊನೆಯ ಸಾಲು ಇದು: ಗಿರಾಕಿಗೆ ಒಂದು ಮೇಲ್ ಕಳಿಸು, ಅವರು ತಮ್ಮ ಮಿಷಿನ್ನಿನಲ್ಲಿ ಅದನ್ನು ಗಟ್ಟಿಯಾಗಿ ಓದಿ ಹೇಳುವ ತನಕ ಫೋನಿಡಬೇಡ. ಒಂದು ಗುಂಡಿಯ ಕಾಲದಲ್ಲೂ ಈ ಸಾಲನ್ನು ಬಿಡಬೇಡಿ.

ಅಕ್ಕನಿಗೆ ಫೋನು ಮಾಡಿ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. "ಆಷಾಢ ಅಂತ ಸುಮ್ನಿದ್ದೆ ಕಣಪ್ಪ. ಯಾರ್‍ಯಾರು ಬರೆದವ್ರೆ, ಹೆಸ್ರು ಓದು" ಎಂದರು. ಅವರ ಅಪ್ಪಣೆ ಸಿಕ್ಕ ಮೇಲೆ ಡಬ್ಬಿ ತೆರೆದೆ. ಅರ್ಧಕ್ಕರ್ಧ ನಿಮಗೆ ಲಾಟರಿ ಹೊಡೆದಿದೆ ಎನ್ನುವಂಥವು. ಉಳಿದವುಗಳ ಹೆಸರು ಓದುತ್ತಾ ಹೋದೆ. "ಗೋರಂಟ್ಲ ಮಂಜುನಾಥ, ಒಪ್ಪಿಗೆ ಪತ್ರ" ಎಂದಾಗ ಅಕ್ಕ ತಡೆದರು.

"ಇನ್ನೊಂದ್ಸಲ ಓದು."

ಓದಿದೆ. ಅದೇ ಮಂಜುನಾಥನದು ಇನ್ನೊಂದೂ ಇತ್ತು, ಒಂಬತ್ತು ದಿನ ಕಳೆದು ಬರೆದದ್ದು.

ಅಕ್ಕ ಆಗ ವಿಷಯ ಬಿಡಿಸಿ ಹೇಳಿದರು. ಕಲ್ಯಾಣದುರ್ಗದಲ್ಲಿ ರವಿಕೆ ಹೊಲಿಯುವ ಸುಜಾತ ಎಂಬಾಕೆ, ಗಂಡ ತೀರಿಕೊಂಡಿದ್ದಾನೆ, ಏಳು ವರ್ಷದ ಮಗಳಿದ್ದಾಳೆ, ಅಣ್ಣನ ಮನೆಯಲ್ಲಿದ್ದಾಳೆ. ಗೋರಂಟ್ಲದಲ್ಲಿ ಮೋಟಾರ್ ರಿವೈಂಡಿಂಗ್ ಮಾಡುವ ಈ ಮಂಜುನಾಥ ಆಷಾಢ ಹುಟ್ಟುವ ಮುಂಚೆ ಬಂದು ನೋಡಿ ಹೋಗಿದ್ದ. ಸುಜಾತಳಿಗೆ ಮನಸ್ಸಿತ್ತು. ಅವನ ಕಡೆಯಿಂದ ಉತ್ತರ ಬರಲಿಲ್ಲ. ನಮ್ಮ ಸೀಮೆಯಲ್ಲಿ ಸಂಬಂಧ ಬೇಡವೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ ಎಂಬುದು ಗೊತ್ತೇ ಇದೆ. ನೋಡಿ ಹೋದವರು ಎಂಟು ದಿನ ಸುಮ್ಮನಿದ್ದರೆ ಅದೇ ಉತ್ತರ. ಮತ್ತೆ ಕೇಳಿದರೆ ಕೇಳಿದವರ ಮಾನ ಹೋಗುತ್ತದೆ. ಹೀಗಾಗಿ ಈ ಮನೆಯವರು ಕೇಳಲಿಲ್ಲ, ಅಕ್ಕನೂ ಕೇಳಲಿಲ್ಲ. ಅಲ್ಲಿ ಅವನೂ ಇವರ ಮೌನವನ್ನು ಹಾಗೇ ತಿಳಿದುಕೊಂಡ. ಬೇರೆ ಯಾವ ವ್ಯಾಪಾರದಲ್ಲಾದರೂ ಮೂರನೇ ದಿನಕ್ಕೆ ಗಲಾಟೆಯಾಗುತ್ತಿತ್ತು. ಇಲ್ಲಿ ನನ್ನ ತಪ್ಪನ್ನು ಎಲ್ಲರೂ ಮರ್ಯಾದೆಯಿಂದ ನುಂಗಿಕೊಂಡಿದ್ದರು.

"ಈಗೇನಾಗೈತೆ ಗೊತ್ತಾ?" ಎಂದರು ಅಕ್ಕ. "ಅವ್ಳಣ್ಣ ತಿಪ್ಪೇಸ್ವಾಮಿ ಅನಂತಪುರದ ಕಡೆ ಒಂದು ಸಂಬಂಧ ತಂದವ್ನೆ. ಮಗೂನ ಸೋದರಮಾವನ ಮನೇಲೇ ಬಿಟ್ಟು ಬಾ ಅಂತ ಅವ್ರ ಷರತ್ತು. ನಾಡಿದ್ದು ಶ್ರಾವಣ ಶುಕ್ರವಾರ ತಾಂಬೂಲ. ಅವ್ಳು ಒಂದ್ ಮಾತೂ ಆಡ್ದೆ ತಲೆ ಆಡಿಸ್ಬುಟ್ಟವ್ಳೆ."

"ಗೋರಂಟ್ಲಕ್ಕೆ ಈಗ್ಲೇ ಫೋನ್ ಮಾಡಿ ಅಕ್ಕಾ."

"ಹೆಣ್ಣಿನ ಮನೆಯೋರ ಮಾತಿಲ್ದೆ ಆ ಮನುಷ್ಯನಿಗೆ ಇನ್ನೊಂದ್ಸಲ ಆಸೆ ಹುಟ್ಟಿಸ್ಲಾ? ಮೊದ್ಲು ಇಲ್ಲಿ. ನೀನೇ ಬಾ, ಕಾಗದಾನೂ ತಕ್ಕೊಂಡ್ ಬಾ."

ಅವತ್ತು ಸಂಜೆ ಸೀನಪ್ಪ ಸಾರ್ ಹತ್ತಿರ ಹೇಳಿಕೊಂಡೆ. ಅವರು ವ್ಯಾಪಾರದ ಮನುಷ್ಯ. "ನೆಟ್‌ವರ್ಕ್ ಪ್ರಾಬ್ಲಮ್ ಅಂತ ಅನ್ಲಾ, ಅಷ್ಟೇ. ತಪ್ಪು ನಂದು ಅಂತ ಒಪ್ಕೊಂಡ್ರೆ ನಾಳೆ ಮೂವತ್ತೆಂಟು ಜನಾನೂ ನಿನ್ ಕೊಳಪಟ್ಟಿ ಹಿಡೀತಾರೆ" ಎಂದರು. ಮಾತು ಸರಿ ಎನಿಸಿತು. ಪಾವಗಡದ ಮೇಲೆ ಹೋಗುವ ಬಸ್ಸಿನಲ್ಲಿ ಅದನ್ನೇ ಅಭ್ಯಾಸ ಮಾಡಿಕೊಂಡು ಗುರುವಾರ ಮಧ್ಯಾಹ್ನಕ್ಕೆ ಕಲ್ಯಾಣದುರ್ಗ ಸೇರಿದೆ.

ಅಕ್ಕ ನನ್ನನ್ನು ಆ ಮನೆಗೆ ಕರೆದುಕೊಂಡು ಹೋದರು. ಹಜಾರದಲ್ಲಿ ತಿಪ್ಪೇಸ್ವಾಮಿ ಕೂತಿದ್ದರು. ಒಳಬಾಗಿಲ ಪಕ್ಕ ಸುಜಾತ ಹೊಲಿಗೆ ಮಿಷಿನ್ ತುಳಿಯುತ್ತಿದ್ದಳು, ನಾವು ಬಂದದ್ದಕ್ಕೆ ತಲೆ ಎತ್ತಲಿಲ್ಲ. ನಾನು ಪ್ರಿಂಟ್ ತೆಗೆದಿದ್ದ ಎರಡು ಹಾಳೆಗಳನ್ನು ತಿಪ್ಪೇಸ್ವಾಮಿಯ ಕೈಗೆ ಕೊಟ್ಟು ನೆಟ್‌ವರ್ಕಿನ ಮಾತು ಒಪ್ಪಿಸಿದೆ.

ಅವರು ಹಾಳೆಯನ್ನು ಓದದೆ ಮಡಿಸಿದರು. "ಕರೆಂಟ್ ಆಫೀಸ್ನೋರೂ ಹಿಂಗೇ ಅಂತಾರೆ ಸಾರ್, ಲೈನ್ ಪ್ರಾಬ್ಲಮ್ ಅಂತ. ತಿಂಗ್ಳು ಸುಮ್ನಿದ್ದು ತಾಂಬೂಲದ ಹಿಂದಿನ ದಿನ ಕಾಗ್ದ ಹಿಡ್ಕೊಂಡ್ ಬಂದಿದೀರಿ. ಗೋರಂಟ್ಲದೋರು ಈಗ ಮನಸ್ಸು ಬದಲಾಯ್ಸಿ ನಿಮ್ಮನ್ನ ಕಳ್ಸಿದ್ರಾ? ಮಿಷಿನ್ನಾಗೆ ಏನ್ ಬೇಕಾದ್ರೂ ಹೊಡೀಬೌದು. ಅದೇಂಟಿ, ಏನಿದು, ಆಟಾನಾ?"

ರತ್ನಮ್ಮಕ್ಕ ನನ್ನ ಮುಖ ನೋಡಿದರು. ಹೆಚ್ಚು ಹೊತ್ತೇನೂ ನೋಡಲಿಲ್ಲ. ಎರಡು ಕ್ಷಣ.

"ನೆಟ್‌ವರ್ಕ್ ಅಲ್ಲ ಕಣಪ್ಪ" ಎಂದೆ. "ತಪ್ಪು ನಂದು. ಅಕ್ಕನ ಸೈಟು ಮನೆ ಬದಲಾಯ್ಸಿತ್ತು. ಅಂಚೆ ಎಲ್ಲಾ ಹೊಸ ಮನೇಗೆ ಹೋಯ್ತಿತ್ತು. ಹಳೇ ಮನೆ ಡಬ್ಬಿ ನೋಡ್ಕೊಂಡಿರಿ ಅಂತ ಅಕ್ಕನ ಮಿಷಿನ್‌ಗೆ ನಾನೇ ಎರಡು ವರ್ಷದ ಹಿಂದೆ ಬರ್ದಿಟ್ಟಿದ್ದೆ, ಸಾಗ್ಸುವಾಗ ಮರ್ತೆ. ಆ ಮನುಷ್ಯ ಬರ್ದಿದ್ದು ನೋಡಿ ಹೋದ ವಾರದಲ್ಲೇ. ಮೇಲ್ಗಡೆ ತಾರೀಕು ಐತೆ. ಅದನ್ನೂ ನಂಬದಿದ್ರೆ ನಂಗೆ ಬೇರೆ ದಾರಿ ಇಲ್ಲ."

ಹೊಲಿಗೆ ಮಿಷಿನ್ ನಿಂತಿತು. "ಅಣ್ಣಾ, ಆ ಕಾಗ್ದ ಇಲ್ಲಿ ಕೊಡು" ಎಂದಳು ಸುಜಾತ.

ಮೊದಲನೆಯದು ನಾಲ್ಕು ಸಾಲಿನ ಒಪ್ಪಿಗೆ. ಓದಿ ಪಕ್ಕಕ್ಕಿಟ್ಟಳು. ಎರಡನೆಯದನ್ನು ಓದುತ್ತಾ ನಡುವೆ ನಿಂತು, ಮತ್ತೆ ಮೇಲಿಂದ ಓದಿದಳು. ಅದರಲ್ಲಿದ್ದದ್ದು ಇಷ್ಟು: "ಉತ್ತರ ಬರಲಿಲ್ಲ, ತಮ್ಮ ಅಭಿಪ್ರಾಯ ತಿಳಿಯಿತು. ಅವತ್ತು ನೀವೆಲ್ಲ ಒಳಗಿದ್ದಾಗ ಮಗು ತನ್ನ ಕೆಟ್ಟುಹೋದ ಟಾರ್ಚನ್ನು ತಂದು ಕೊಟ್ಟು, ಅಮ್ಮನಿಗೆ ಹೇಳಬೇಡಿ, ಬೀಳಿಸಿದ್ದು ನಾನೇ ಎಂದಿತು. ರಿಪೇರಿ ಮಾಡಿ ಕೊಡುತ್ತೇನೆಂದು ಜೇಬಿನಲ್ಲಿಟ್ಟುಕೊಂಡು ಬಂದಿದ್ದೇನೆ. ಈಗ ಉರಿಯುತ್ತದೆ. ಸಂಬಂಧ ಬೇಡವಾದರೂ ಇದನ್ನು ಯಾರ ಕೈಯಲ್ಲಿ ಕಳಿಸಲಿ, ತಿಳಿಸಿ."

ಸುಜಾತ ಒಳಗೆ ತಿರುಗಿ ಮಗಳನ್ನು ಕರೆದು, ಟಾರ್ಚು ಎಲ್ಲಿ ಎಂದು ಕೇಳಿದಳು. ಮಗು ಬಾಗಿಲ ಸಂದಿಯಲ್ಲಿ ನಿಂತು, "ಗೋರಂಟ್ಲದಾಗೈತೆ" ಎಂದಿತು.

ತಿಪ್ಪೇಸ್ವಾಮಿ ಹಾಳೆಯನ್ನು ತಂಗಿಯ ಕೈಯಿಂದ ತೆಗೆದುಕೊಂಡು ತಾವೂ ಓದಿದರು. "ತಿಂಗ್ಳಿಂದ ಮನೆಯೆಲ್ಲಾ ಹುಡುಕ್ತಾ ಇದ್ವಲ್ಲೇ" ಎಂದಷ್ಟೇ ಅಂದರು. ಯಾವ ಮಿಷಿನ್ನಿನಲ್ಲೂ ಅದನ್ನು ಹೊಡೆದು ತರಲು ಆಗುವುದಿಲ್ಲವೆಂದು ಅವರಿಗೆ ಗೊತ್ತಾಗಿತ್ತು.

"ಅನಂತಪುರದೋರ್‌ಗೆ ಬೇಡ ಅಂತ ಹೇಳಣ್ಣ" ಎಂದಳು ಸುಜಾತ.

ಚೌಕಾಸಿಯ ಬುದ್ಧಿ ನನ್ನನ್ನು ಸುಮ್ಮನಿರಲು ಬಿಡಲಿಲ್ಲ. "ಸ್ವಲ್ಪ ತಡಿಯಮ್ಮ" ಎಂದೆ. "ಮೊದ್ಲು ಗೋರಂಟ್ಲದಾಗೆ ಇನ್ನೂ ಮನಸ್ಸೈತಾ ಕೇಳೋಣ. ಅಲ್ಲಿ ಗಟ್ಟಿ ಮಾಡ್ಕೊಂಡು ಇಲ್ಲಿ ಬಿಡೋದು ಒಳ್ಳೇದು."

"ಮಗೂನ ಬಿಟ್ಟು ಬಾ ಅನ್ನೋರಿಗೆ ಬೇಡ ಅನ್ನಾಕೆ ಗೋರಂಟ್ಲದೋರ ಒಪ್ಪಿಗೆ ಯಾಕೆ ಬೇಕು ಸಾರ್?"

ತಿಪ್ಪೇಸ್ವಾಮಿ ಮೊಬೈಲನ್ನು ಕೈಯಲ್ಲಿ ತಿರುಗಿಸುತ್ತಾ ಕೂತರು. ನಾಳೆ ತಾಂಬೂಲಕ್ಕೆ ಹೊರಡುವವರನ್ನು ಮೌನದಿಂದ ತಡೆಯಲಾಗುವುದಿಲ್ಲ, ಬಾಯಿಬಿಟ್ಟೇ ಹೇಳಬೇಕು. ಆಮೇಲೆ ನಂಬರು ಒತ್ತಿ ಫೋನನ್ನು ನನ್ನ ಕಡೆಗೆ ಚಾಚಿದರು. "ನೀವೇ ಹೇಳಿ ಸಾರ್. ತಪ್ಪು ನಿಮ್ದಲ್ವಾ."

ಹೇಳಿದೆ. ಆ ಕಡೆಯ ಹಿರಿಯರು ತೆಲುಗಿನಲ್ಲಿ ನನ್ನ ಮೂರು ತಲೆಮಾರನ್ನು ನೆನೆಸಿಕೊಂಡರು. ನೀನು ಯಾವನು, ಹುಡುಗಿಗೇನಾಗಬೇಕು ಎಂದು ಕೇಳಿದರು. ಸೈಟು ಸಾಗಿಸುವವನು ಎಂದೆ. ಹೊಲದ ಸೈಟೋ ಮನೆಯ ಸೈಟೋ ಎಂದು ಇನ್ನೊಂದು ಸುತ್ತು ಬೈದರು. ಎಲ್ಲವನ್ನೂ ಕೇಳಿಸಿಕೊಂಡೆ.

ಅಷ್ಟರಲ್ಲಿ ಅಕ್ಕ ಚೀಲದಿಂದ ತಮ್ಮ ರಿಜಿಸ್ಟರು ತೆಗೆದಿದ್ದರು. "ಎರಡೂ ಕಡೆ ಬರವಣಿಗೆ ಬೇಕು ಅಂತ ನನ್ ಕಾನೂನು. ಒಂದ್ ಸಾಲು ಬರ್ಕೊಡಮ್ಮ, ನಾಗರಾಜು ಮೇಲ್ ಮಾಡ್ತಾನೆ" ಎಂದರು.

"ಬೇಡಕ್ಕ. ಇವ್ರ ಡಬ್ಬಿ ಸಹವಾಸ ಸಾಕು. ನಂಬರ್ ಹೇಳಿ" ಎಂದಳು ಸುಜಾತ.

ರತ್ನಮ್ಮಕ್ಕ ತಮ್ಮ ಕಾನೂನು ಮುರಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕನ್ನಡಕ ಏರಿಸಿಕೊಂಡು ಒಂದೊಂದೇ ಅಂಕಿ ಓದಿದರು. ಸುಜಾತ ಅಣ್ಣನ ಫೋನು ತೆಗೆದುಕೊಂಡು ಹೊಸ್ತಿಲಿಗೆ ಹೋಗಿ ನಮಗೆ ಬೆನ್ನು ಮಾಡಿ ನಿಂತಳು.

"ನಾನು ಸುಜಾತ, ಕಲ್ಯಾಣದುರ್ಗದಿಂದ... ಹ್ಞೂಂ. ಕಾಗ್ದ ಈಗ ಸಿಕ್ತು. ಎರಡೂ ಸಿಕ್ತು." ಬಹಳ ಹೊತ್ತು ಕೇಳಿಸಿಕೊಂಡಳು. ಮಗು ಅವಳ ಸೆರಗು ಹಿಡಿದು ಎಳೆಯುತ್ತಿತ್ತು.

"ಯಾರ ಕೈಲೂ ಕಳಿಸ್ಬೇಡಿ" ಎಂದಳು. "ನಾಳೆ ಶುಕ್ರವಾರ. ನೀವೇ ತಂದ್ಕೊಡಿ."